ಪದಚರ್ಚೆ: ‘ಕೊರತೆ’ ಎಂಬ ಒಂದೇ ಮಾತು ಸಾಲುತ್ತಿಲ್ಲ. ಕೊಕೊಪೀಟ್ ಕುಂಡದ ಗಿಡಗಳಿಗೆ ಪದ ಬೇಕಿದೆ

ಬಳಗದ ಎಲ್ಲರಿಗೂ ನಮಸ್ಕಾರ.

ನೇರವಾಗಿ ಪ್ರಶ್ನೆಗೇ ಬರುತ್ತೇನೆ. ಗಿಡಕ್ಕೆ ಬೇಕಾದ ಸತ್ವ ಕುಂಡದಲ್ಲಿ ಇಲ್ಲವೇ ಇಲ್ಲ ಎನ್ನುವುದು ಒಂದು ಸ್ಥಿತಿ. ಕುಂಡದಲ್ಲಿ ಬೇಕಾದಷ್ಟಿದೆ, ಗಿಡಕ್ಕೆ ಮಾತ್ರ ಸಿಗುತ್ತಿಲ್ಲ ಎನ್ನುವುದು ಇನ್ನೊಂದು. ಎರಡಕ್ಕೂ ನಾವು ‘ಕೊರತೆ’ ಎಂದೇ ಬರೆಯುತ್ತಿದ್ದೇವೆ. ಎರಡನೆಯದಕ್ಕೆ ನಿಮ್ಮ ಊರಿನಲ್ಲಿ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಬೇರೆ ಮಾತು ಇದೆಯೇ? ನನಗೆ ‘ದಕ್ಕು’ ಎಂಬ ಕ್ರಿಯಾಪದ ಹೊಂದುತ್ತದೆ ಅನ್ನಿಸಿದೆ. ‘ಕ್ಯಾಲ್ಸಿಯಂ ಕೊರತೆ’ ಬೇರೆ, ‘ಕ್ಯಾಲ್ಸಿಯಂ ದಕ್ಕಿಲ್ಲ’ ಬೇರೆ ಎಂದು ಬರೆಯಬಹುದೇ? ಓದಿದವರಿಗೆ ವ್ಯತ್ಯಾಸ ತಿಳಿಯುತ್ತದೆಯೇ? ಇದರ ಜೊತೆಗೆ ಇನ್ನೂ ಕೆಲವು ಸಣ್ಣ ಪ್ರಶ್ನೆಗಳಿವೆ, ಮುಂದೆ ಬರುತ್ತವೆ.

ಯಾಕೆ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ ಎಂದು ಹೇಳಬೇಕು. ನಮ್ಮ ಬಡಾವಣೆಯಲ್ಲಿ ತಾರಸಿಯ ಮೇಲೆ ತರಕಾರಿ ಬೆಳೆಯುವವರಿಗಾಗಿ ಎರಡು ಪುಟದ ಒಂದು ಚೀಟಿ ಬರೆದುಕೊಟ್ಟಿದ್ದೆ. ಮಣ್ಣಿನ ಭಾರ ತಾರಸಿಗೆ ಬೇಡವೆಂದು ಇಲ್ಲಿ ಹೆಚ್ಚಿನವರು ಗ್ರೋ ಬ್ಯಾಗಿಗೆ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ತುಂಬುತ್ತಾರೆ. ಎಲೆ ನೋಡಿ ಏನು ಕಮ್ಮಿಯಾಗಿದೆ ಎಂದು ಕಂಡುಕೊಳ್ಳುವುದು ಹೇಗೆ ಎಂಬುದೇ ಚೀಟಿಯ ವಿಷಯ. ಟೊಮೇಟೊ ಕಾಯಿಯ ತಳ ಕಪ್ಪಾಗಿ ಒಳಕ್ಕೆ ಕುಸಿದರೆ, ಹೊಸ ಚಿಗುರು ಕೊಕ್ಕೆಯ ಹಾಗೆ ಬಗ್ಗಿ ತುದಿ ಸತ್ತರೆ ‘ಸುಣ್ಣದ ಕೊರತೆ’ ಎಂದು ಬರೆದಿದ್ದೆ. ಕೃಷಿ ಪುಸ್ತಿಕೆಗಳಲ್ಲಿ ಕ್ಯಾಲ್ಸಿಯಮ್ಮಿಗೆ ಸುಣ್ಣ, ಸುಣ್ಣಾಂಶ ಎಂದು ಬರೆಯುವ ರೂಢಿ ಇದೆ. ಮನೆಮಾತಿನ ಪದ, ಎಲ್ಲರಿಗೂ ತಿಳಿಯುತ್ತದೆ ಎಂಬ ಸಂತೋಷದಲ್ಲೇ ಬರೆದೆ.

ಆ ಚೀಟಿಯ ಒಂದು ಪ್ರತಿ ತುಮಕೂರಿನಲ್ಲಿರುವ ನಮ್ಮ ದೊಡ್ಡಮ್ಮನ ಕೈಗೆ ಹೋಯಿತು. ಎರಡು ವಾರದ ಮೇಲೆ ಫೋನು ಬಂತು.

“ನೀನು ಬರ್ದಂಗೇ ಮಾಡ್ದೆ ಕಣಮ್ಮ. ಟೊಮೇಟೊ ಹಂಗೇ ಇದೆ. ಈಗ ಮೆಣಸಿನ ಗಿಡಾನೂ ಬೆಳ್ಳಗಾಯ್ತಾ ಬಂತು.”

“ಏನು ಹಾಕಿದ್ರಿ ದೊಡ್ಡಮ್ಮ?”

“ಸುಣ್ಣ ಕಮ್ಮಿ ಅಂತ ನೀನೇ ಬರ್ದಿದ್ಯಲ್ಲ. ಎಲೆಅಡಿಕೆ ಸುಣ್ಣ ಇತ್ತು, ನೀರಿಗೆ ಕದಡಿ ಎಲ್ಲಾ ಕುಂಡಕ್ಕೂ ಹಾಕ್ದೆ.”

ಆ ಭಾನುವಾರವೇ ಹೋಗಿ ನೋಡಿದೆ. ಮೆಣಸಿನ ಗಿಡದ ಮೇಲಿನ ನಾಲ್ಕೈದು ಎಲೆಗಳು ನಿಂಬೆಹಣ್ಣಿನ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು. ಒಂದನ್ನು ಕಿತ್ತು ಬಿಸಿಲಿಗೆ ಹಿಡಿದರೆ ನಡುವಿನ ದೊಡ್ಡ ನರ, ಅದರಿಂದ ಕವಲೊಡೆದ ಕಿರುನರ, ಅದರಿಂದ ಹೊರಟ ಎಳೆಗಳೆಲ್ಲ ಹಸಿರು ಶಾಯಿಯಲ್ಲಿ ಬರೆದ ಹಾಗೆ ಕಾಣುತ್ತಿದ್ದವು. ನರಗಳ ನಡುವಿನ ಜಾಗದಲ್ಲಿ ಮಾತ್ರ ಹಸಿರೇ ಇಲ್ಲ. ಬುಡದ ಎಲೆಗಳು ಮಾತ್ರ ಕಡುಹಸಿರಾಗಿ ಚೆನ್ನಾಗಿಯೇ ಇದ್ದವು. ಇದು ಗಿಡಕ್ಕೆ ಕಬ್ಬಿಣ ಸಿಗದಿರುವುದರ ಲಕ್ಷಣ. ಕುಂಡದಲ್ಲಿ ಕಬ್ಬಿಣ ಖಾಲಿಯಾಗಿರಲಿಲ್ಲ. ತಿನ್ನುವ ಸುಣ್ಣ ಕಡುಕ್ಷಾರ, ಅದು ಬಿದ್ದೊಡನೆ ಕುಂಡದ ರಸಸಾರ ಮೇಲಕ್ಕೆ ಹೋಗುತ್ತದೆ. (ಹುಳಿ, ಕ್ಷಾರಗಳ ಅಳತೆಯಾದ ಪಿಎಚ್‌ಗೆ ನಮ್ಮ ಕೃಷಿ ಬರಹಗಳಲ್ಲಿ ‘ರಸಸಾರ’ ಎನ್ನುತ್ತಾರೆ. ನನಗೆ ಬಹಳ ಇಷ್ಟವಾದ ಪದ.) ನಾರಿನ ಪುಡಿಯಲ್ಲಿ ಬೆಳೆದ ಗಿಡಕ್ಕೆ ರಸಸಾರ 5.5ರಿಂದ 6.5ರ ಒಳಗಿದ್ದರೆ ಒಳ್ಳೆಯದು. ಏಳನ್ನು ದಾಟಿದರೆ ಕಬ್ಬಿಣ, ಮ್ಯಾಂಗನೀಸ್, ಸತು ಕುಂಡದಲ್ಲಿದ್ದರೂ ನೀರಿಗೆ ಕರಗಿ ಬರುವುದಿಲ್ಲ. ಬೇರು ಹೀರುವುದು ಕರಗಿದ್ದನ್ನು ಮಾತ್ರ.

ದೊಡ್ಡಮ್ಮನ ತಪ್ಪು ಏನೂ ಇಲ್ಲ. ಕನ್ನಡದಲ್ಲಿ ಸುಣ್ಣ ಎಂದರೆ ಗೋಡೆಗೆ ಹೊಡೆಯುವ ಸುಣ್ಣ, ಎಲೆಗೆ ಹಚ್ಚುವ ಸುಣ್ಣ. ಅದು ಒಂದು ವಸ್ತು, ಮೂಲಧಾತುವಿನ ಹೆಸರಲ್ಲ. ಕೊರತೆ ಎಂದರೆ ಕಮ್ಮಿ ಇದೆ, ಹಾಕಿ ಸರಿಮಾಡು ಎಂದೇ ಅರ್ಥ. ಎರಡೂ ಪದ ಅವರ ಕೈಯನ್ನು ತಪ್ಪು ಡಬ್ಬಿಯ ಕಡೆಗೇ ಕರೆದುಕೊಂಡು ಹೋದವು. ಅಂದಿನಿಂದ ನಾನು ಕ್ಯಾಲ್ಸಿಯಂ ಎಂದೇ ಬರೆಯುತ್ತಿದ್ದೇನೆ. ಕ್ಯಾಲ್ಸಿಯಂ ಮಾತ್ರೆ ಗೊತ್ತಿಲ್ಲದ ಮನೆ ಈಗ ಇಲ್ಲ. ಆ ಪದ ಕನ್ನಡದ್ದೇ ಆಗಿಹೋಗಿದೆ. ಸತು, ತಾಮ್ರ, ಗಂಧಕ, ಕಬ್ಬಿಣ ಇವುಗಳಿಗೆ ನಮ್ಮ ಪದಗಳೇ ಇರಲಿ, ತೊಂದರೆಯಿಲ್ಲ. ಸುಣ್ಣವನ್ನು ಮಾತ್ರ ಬಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಪ್ಪದವರು ದಯವಿಟ್ಟು ಕಾರಣ ಬರೆಯಿರಿ.

ಈಗ ‘ಕೊರತೆ’ಗೆ ಬರೋಣ. ಹಳಗನ್ನಡದಲ್ಲಿ ಇದು ಶಕಟರೇಫದ ಪದ, ಕೊಱತೆ. ತಮಿಳಿನ ಕುಱೈ ಇದರ ಬಳಗವೇ. ಕಡಿಮೆಯಾಗು, ಕುಂದು ಎಂಬುದು ಮೂಲಭಾವ. ಒಳ್ಳೆಯ ಪದವೇ ಸರಿ. ತೊಡಕು ಇರುವುದು ನಾವು ಅದನ್ನು ಷಷ್ಠಿಯಲ್ಲಿ ಕಟ್ಟಿಬಿಡುವುದರಲ್ಲಿ. ‘ಸಾರಜನಕದ ಕೊರತೆ’ ಎಂದಾಗ ಏನು ಕಮ್ಮಿ ಎಂದು ತಿಳಿಯಿತು, ಎಲ್ಲಿ ಕಮ್ಮಿ ಎಂದು ತಿಳಿಯಲಿಲ್ಲ. ‘ಕುಂಡದಲ್ಲಿ ಕೊರತೆ’, ‘ಗಿಡದಲ್ಲಿ ಕೊರತೆ’, ‘ಚಿಗುರಿನಲ್ಲಿ ಕೊರತೆ’ ಮೂರೂ ಬೇರೆ ಬೇರೆ ಸಂಗತಿಗಳು. ಸಪ್ತಮಿ ಹಾಕಿದರೆ ಕೂಡಲೇ ಜಾಗ ಗೊತ್ತಾಗುತ್ತದೆ. ಎಲೆ ನೋಡಿದಾಗ ನಮಗೆ ಕಾಣುವುದು ಗಿಡದಲ್ಲಿನ, ಅದರಲ್ಲೂ ಆ ಎಲೆಯಲ್ಲಿನ ಕೊರತೆ ಮಾತ್ರ. ಅದರಿಂದ ಕುಂಡದ ಕೊರತೆಗೆ ಹಾರಿದರೆ ಗೊಬ್ಬರದ ಚೀಲಕ್ಕೆ ಕೈ ಹೋಗುತ್ತದೆ.

ಹೊಲದ ಮಣ್ಣಿನಲ್ಲಿ ಈ ಹಾರುವಿಕೆ ಅನೇಕ ಸಲ ನಡೆದುಹೋಗುತ್ತದೆ, ಏಕೆಂದರೆ ಮಣ್ಣು ಏರುಪೇರನ್ನು ಬಹುಮಟ್ಟಿಗೆ ತಾನೇ ತಡೆದುಕೊಳ್ಳುತ್ತದೆ. ನಾರಿನ ಪುಡಿಯ ಸ್ವಭಾವ ಹಾಗಲ್ಲ. ಅದರ ಕಣಗಳ ಮೈಮೇಲೆ ಧನ ಅಯಾನುಗಳನ್ನು, ಅಂದರೆ ನೀರಿನಲ್ಲಿ ಕರಗಿ ಧನ ವಿದ್ಯುದಂಶ ಪಡೆದ ಸತ್ವಗಳನ್ನು, ಹಿಡಿದಿಡುವ ಜಾಗಗಳಿವೆ. ತೆಂಗಿನ ಮಟ್ಟೆಯಲ್ಲಿ ಮೊದಲಿನಿಂದಲೂ ಪೊಟ್ಯಾಸಿಯಂ ಹೆಚ್ಚು, ಉಪ್ಪುನೀರಿನಲ್ಲಿ ಮಟ್ಟೆ ನೆನೆಹಾಕಿದ್ದರೆ ಸೋಡಿಯಮ್ಮೂ ಹೆಚ್ಚು. ಆ ಜಾಗಗಳಲ್ಲೆಲ್ಲ ಇವೆರಡೇ ಕೂತಿರುತ್ತವೆ. ನಾವು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಗೊಬ್ಬರದ ನೀರು ಹಾಕಿದಾಗ ಪುಡಿ ಅವನ್ನು ತಾನು ಹಿಡಿದುಕೊಂಡು, ತನ್ನಲ್ಲಿದ್ದ ಪೊಟ್ಯಾಸಿಯಂ, ಸೋಡಿಯಮ್ಮನ್ನು ನೀರಿಗೆ ಬಿಡುತ್ತದೆ. ಬೇರಿಗೆ ಸಿಗಬೇಕಾದದ್ದು ಪುಡಿಯ ಪಾಲಾಯಿತು. ಸಾಲದ್ದಕ್ಕೆ, ನೀರಿಗಿಳಿದ ಪೊಟ್ಯಾಸಿಯಂ ಬೇರಿನ ಬಾಗಿಲಲ್ಲಿ ಉಳಿದೆರಡಕ್ಕೂ ಪೈಪೋಟಿ ಕೊಡುತ್ತದೆ. ಗೊಬ್ಬರ ಹಾಕಿದವರ ಲೆಕ್ಕದಲ್ಲಿ ಎಲ್ಲವೂ ಇದೆ. ಗಿಡದ ಲೆಕ್ಕದಲ್ಲಿ ಏನೂ ಬಂದಿಲ್ಲ. ಇಂಥದ್ದನ್ನು ‘ಕೊರತೆ’ ಎಂದು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ‘ಲಾಕ್‌ಔಟ್’ ಎನ್ನುತ್ತಾರೆ. ನಮ್ಮ ಪತ್ರಿಕೆ ಓದುವವರಿಗೆ ಲಾಕ್‌ಔಟ್ ಎಂದರೆ ಕಾರ್ಖಾನೆಗೆ ಬೀಗಮುದ್ರೆ, ಕೂಲಿಯವರು ಬೀದಿಗೆ ಬಿದ್ದದ್ದು. ‘ಪೋಷಕಾಂಶ ಬೀಗ’ ಎಂದು ಯಾರೋ ಅನುವಾದಿಸಿದ್ದನ್ನು ನೋಡಿ ಬೇಸರವಾಯಿತು. ‘ಅಲಭ್ಯತೆ’ ಎನ್ನಬಹುದು ಎಂದು ಗೆಳತಿಯೊಬ್ಬಳು ಹೇಳಿದಳು. ಅದಕ್ಕೆ ಆಧಾರ ಇದೆ, ಒಪ್ಪುತ್ತೇನೆ. ಮಣ್ಣು ಪರೀಕ್ಷೆಯ ವರದಿಗಳಲ್ಲಿ ‘ಲಭ್ಯ ಸಾರಜನಕ’, ‘ಲಭ್ಯ ರಂಜಕ’ ಎಂಬ ಮಾತು ಬಹಳ ಕಾಲದಿಂದ ಇದೆ. 2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಬಂದ ಮೇಲೆ ಹಳ್ಳಿಹಳ್ಳಿಗೂ ತಲುಪಿದೆ. ಆದರೆ ಲಭ್ಯ ಎಂದಾಗ ‘ಈ ಅಂಗಡಿಯಲ್ಲಿ ನಂದಿನಿ ಹಾಲು ಲಭ್ಯ’ ಎಂಬ ಬೋರ್ಡು ನೆನಪಾಗುತ್ತದೆ. ಇದೆ, ಬೇಕಾದರೆ ತೆಗೆದುಕೊಳ್ಳಿ ಎಂಬಷ್ಟೇ ಅರ್ಥ. ತೆಗೆದುಕೊಂಡದ್ದು ಒಳಗೆ ಸೇರಿತೇ, ಉಳಿಯಿತೇ ಎಂಬುದು ಅದರಲ್ಲಿ ಇಲ್ಲ.

‘ದಕ್ಕು’ವಿನಲ್ಲಿ ಅದು ಇದೆ. ಕೂಸಿಗೆ ಹಾಲು ದಕ್ಕಲಿಲ್ಲ ಎಂದರೆ ಕುಡಿದದ್ದೆಲ್ಲ ಕಕ್ಕಿತು ಎಂದರ್ಥ, ಹಾಲು ಇರಲಿಲ್ಲ ಎಂದಲ್ಲ. ಅನ್ಯಾಯದ ದುಡ್ಡು ದಕ್ಕುವುದಿಲ್ಲ ಎಂದಾಗ ದುಡ್ಡು ಬಂದಿತ್ತು, ನಿಲ್ಲಲಿಲ್ಲ. ನಮ್ಮ ಕಡೆ ‘ಈ ಎಮ್ಮೆಗೆ ಹೋದ ವರ್ಷದ ಕರು ದಕ್ಕಲಿಲ್ಲ’ ಎನ್ನುತ್ತಾರೆ. ಕರು ಹುಟ್ಟಿತ್ತು, ಉಳಿಯಲಿಲ್ಲ. ಇದ್ದೂ ಇಲ್ಲದಂತಾಗುವುದನ್ನು ಇಷ್ಟು ಚೆನ್ನಾಗಿ ಹೇಳುವ ಇನ್ನೊಂದು ಕ್ರಿಯಾಪದ ನನಗೆ ಹೊಳೆದಿಲ್ಲ. ‘ಅರಗು’ ಎಂದು ನೋಡಿದೆ, ಅದು ಹೊಟ್ಟೆಯ ಒಳಗಿನ ಕೆಲಸ. ‘ಎಟುಕು’ ಎಂದು ನೋಡಿದೆ, ಅದರಲ್ಲಿ ದೂರದ ಭಾವ ಇದೆ. ಇಲ್ಲಿ ವಸ್ತು ಬೇರಿಗೆ ಅಂಟಿಕೊಂಡೇ ಇದೆ. ‘ಹಸಿವು’ ಎಂದು ಕೆಲವರು ಬರೆಯುತ್ತಾರೆ, ಹಸಿದವರಿಗೆ ಇನ್ನಷ್ಟು ಬಡಿಸು ಎಂದೇ ಮನಸ್ಸು ಹೇಳುತ್ತದೆ. ನಾರಿನ ಪುಡಿಯ ಗಿಡಕ್ಕೆ ಅನೇಕ ಸಲ ಮಾಡಬಾರದ ಕೆಲಸವೇ ಅದು.

ಟೊಮೇಟೊ ವಿಷಯದಲ್ಲಂತೂ ಈ ಪದ ಇನ್ನೂ ಒಂದು ಹೆಜ್ಜೆ ಮುಂದೆ ಬರುತ್ತದೆ. ಕ್ಯಾಲ್ಸಿಯಂ ಗಿಡದೊಳಗೆ ಓಡಾಡುವುದು ನೀರಿನ ಜೊತೆ. ನೀರು ಹೆಚ್ಚಾಗಿ ಹೋಗುವುದು ಎಲೆಗೆ, ಎಲೆ ಬೆವರುತ್ತದೆ. ಕಾಯಿ ಬೆವರುವುದು ಅತಿ ಕಡಿಮೆ. ಎರಡು ದಿನ ಪುಡಿ ಒಣಗಲು ಬಿಟ್ಟು ಮೂರನೆಯ ದಿನ ಕೊಡಗಟ್ಟಲೆ ಸುರಿದರೆ ಎಲೆಗೆ ಸಿಕ್ಕೀತು, ಕಾಯಿಯ ತಳಕ್ಕೆ ಸಿಗುವುದಿಲ್ಲ. ಆಗ ಕುಂಡದಲ್ಲೂ ಕೊರತೆಯಿಲ್ಲ, ಎಲೆಯಲ್ಲೂ ಕೊರತೆಯಿಲ್ಲ. ‘ಗಿಡಕ್ಕೆ ದಕ್ಕಿದೆ, ಕಾಯಿಗೆ ದಕ್ಕಿಲ್ಲ’ ಎಂದು ಬರೆದರೆ ಒಂದೇ ವಾಕ್ಯದಲ್ಲಿ ಇಷ್ಟೂ ಬಂತು. ಮದ್ದು ಚೀಲದಲ್ಲಿಲ್ಲ, ದಿನಾ ಅಳತೆಗೆ ತಕ್ಕ ನೀರು ಕೊಡುವುದರಲ್ಲಿದೆ ಎಂಬುದೂ ಅದರ ಹಿಂದೆಯೇ ಬರುತ್ತದೆ.

ಅದೇ ಕಾಯಿಯ ತೊಂದರೆಗೆ ‘ತುದಿ ಕೊಳೆ’ ಎಂಬ ಹೆಸರು ಬಳಕೆಯಲ್ಲಿದೆ. ಇದರ ಬಗ್ಗೆಯೂ ಕೇಳಬೇಕು. ಮಲೆನಾಡಿನವರಿಗೆ ಕೊಳೆ ಎಂದರೆ ಅಡಿಕೆಯ ಕೊಳೆರೋಗ, ಮಳೆಗಾಲ, ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಸಿಂಪಡಿಸುವ ಬೋರ್ಡೋ ದ್ರಾವಣ. ಟೊಮೇಟೊದ್ದು ಆ ಜಾತಿಯದಲ್ಲ. ಮೊದಲು ತಳದಲ್ಲಿ ನೀರು ಕುಡಿದಂಥ ಮಚ್ಚೆ ಏಳುತ್ತದೆ, ಆಮೇಲೆ ಅದು ಕಂದಾಗಿ, ಕಪ್ಪಾಗಿ, ಹಳೇ ಚಪ್ಪಲಿಯ ತೊಗಲಿನ ಹಾಗೆ ಒಣಗಿ ಕುಸಿಯುತ್ತದೆ. ಅದನ್ನು ಶುರುಮಾಡಿದ್ದು ಶಿಲೀಂಧ್ರವೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ. ‘ಕೊಳೆ’ ಎಂಬ ಪದ ಕೇಳಿದ ಕೂಡಲೇ ಸಿಂಪಡಿಸುವ ಕ್ಯಾನು ಹೊರಬರುತ್ತದೆ. ಇದಕ್ಕೆ ‘ತಳಗಪ್ಪು’ ಎಂದರೆ ಹೇಗೆ? ತಳ ಮತ್ತು ಕಪ್ಪು ಸೇರಿ ತಳಗಪ್ಪು. ಕಂಡದ್ದನ್ನಷ್ಟೇ ಹೇಳುತ್ತದೆ, ಕಾರಣವನ್ನು ಮೊದಲೇ ತೀರ್ಮಾನಿಸುವುದಿಲ್ಲ.

ಕಂಡದ್ದನ್ನು ಹೇಳುವುದರಲ್ಲಿ ನಮ್ಮ ರೈತರು ಎಂದೂ ಹಿಂದೆ ಬಿದ್ದವರಲ್ಲ. ಜೋಳದ ಎಲೆ ಬಿಳಿಚಿ ಕೇದಿಗೆಯ ಎಸಳಿನಂತಾದರೆ ಕೇದಿಗೆ ರೋಗ. ತೆನೆ ಕಪ್ಪು ಪುಡಿಯಾದರೆ ಕಾಡಿಗೆ ರೋಗ. ಎಲೆಯ ಮೇಲೆ ಅರಿಸಿನದಂಥ ಪುಡಿ ಕೂತರೆ ಉತ್ತರ ಕರ್ನಾಟಕದವರಿಗೆ ಭಂಡಾರ ರೋಗ. ಗರಿಗಳು ಬಿಚ್ಚದೆ ಗಿಡ್ಡಗಾಗಿ ಗುಂಪುಕಟ್ಟಿದ ಅಡಿಕೆ ಮರಕ್ಕೆ ಹಿಡಿಮುಂಡಿಗೆ. ಕೊಳೆರೋಗವಂತೂ ಜಗತ್ತಿನ ವಿಜ್ಞಾನಕ್ಕೇ ನಾವು ಕೊಟ್ಟ ಪದ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಈ ರೋಗದ ಮೇಲೆ ಬರೆದಾಗ ‘ಕೊಳೆರೋಗ’ ಎಂಬ ಹೆಸರನ್ನೇ ಇಟ್ಟುಕೊಂಡರು. ಕಾಫಿಯ ಕಪ್ಪು ಕೊಳೆಯ ಶಿಲೀಂಧ್ರಕ್ಕೆ ಲ್ಯಾಟಿನ್ನಿನಲ್ಲಿ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದೇ ನಾಮಕರಣವಾಯಿತು. ನೆರೆಯ ಭಾಷೆಯ ಒಂದು ಉದಾಹರಣೆಯನ್ನೂ ಸೇರಿಸುತ್ತೇನೆ. ಉತ್ತರ ಭಾರತದ ತರಾಯಿ ಪ್ರದೇಶದಲ್ಲಿ ಭತ್ತದ ಎಲೆ ಕಾಚಿನ ಬಣ್ಣಕ್ಕೆ ತಿರುಗುವುದನ್ನು ರೈತರು ‘ಖೈರಾ’ ಎನ್ನುತ್ತಿದ್ದರು. ಪಂತ್‌ನಗರದ ವಿಜ್ಞಾನಿ ವೈ. ಎಲ್. ನೆನೆ 1960ರ ದಶಕದಲ್ಲಿ ಅದು ಸತುವಿನ ಕೊರತೆ ಎಂದು ತೋರಿಸಿಕೊಟ್ಟರು. ಹೆಸರು ಮಾತ್ರ ಖೈರಾ ಎಂದೇ ಉಳಿಯಿತು. ರೋಗಗಳಿಗೆ ನಮ್ಮಲ್ಲಿ ಇಷ್ಟು ಚಂದದ ಹೆಸರುಗಳಿರುವಾಗ ಪೋಷಕಾಂಶದ ತೊಂದರೆಗಳಿಗೆ ‘ಅದರ ಕೊರತೆ, ಇದರ ಕೊರತೆ’ ಎಂದು ಪಟ್ಟಿ ಮಾಡುತ್ತ ಕೂತಿದ್ದೇವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಹಳದಿ ಎಂಬ ಪದದಲ್ಲೂ ಅಪಾಯವಿದೆ. ‘ಎಲೆ ಹಳದಿಯಾಗುವುದು’ ಎಂದು ಬರೆದು ಶೃಂಗೇರಿ, ಕೊಪ್ಪ, ಸುಳ್ಯದ ಅಡಿಕೆ ಬೆಳೆಗಾರರ ಕೈಗೆ ಕೊಟ್ಟರೆ ಅವರಿಗೆ ನೆನಪಾಗುವುದು ಹಳದಿ ಎಲೆ ರೋಗ, ತೋಟವನ್ನೇ ನುಂಗಿದ್ದು. ಬೆಂಡೆ ಬೆಳೆದವರಿಗೆ ನೆನಪಾಗುವುದು ಬಿಳಿನೊಣ ಹರಡುವ ಹಳದಿ ನಂಜುರೋಗ. ಆ ಬೆಂಡೆಯ ಎಲೆಯನ್ನೂ ದೊಡ್ಡಮ್ಮನ ಮೆಣಸಿನ ಎಲೆಯನ್ನೂ ಪಕ್ಕಪಕ್ಕ ಇಟ್ಟರೆ ಒಂದು ಇನ್ನೊಂದರ ತಿರುಗುಮುರುಗು. ನಂಜುರೋಗದಲ್ಲಿ ನರಗಳೇ ಹಳದಿ, ನಡುವೆ ಹಸಿರು. ಕಬ್ಬಿಣದ ತೊಂದರೆಯಲ್ಲಿ ನರ ಹಸಿರು, ನಡುವೆ ಹಳದಿ. ಆದ್ದರಿಂದ ಚೀಟಿಯಲ್ಲಿ ‘ನರಹಳದಿ’ ಮತ್ತು ‘ನಡುಹಳದಿ’ ಎಂದು ಎರಡು ಪದ ಮಾಡಿಕೊಂಡಿದ್ದೇನೆ. ಓದುವಾಗ ಎರಡೂ ಕಿವಿಗೆ ಒಂದೇ ಥರ ಕೇಳುತ್ತವೆ ಎಂಬ ಭಯವಿದೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ವಯಸ್ಸಾಗಿ ಎಲೆ ಹಳದಿಯಾಗುವುದಕ್ಕೆ ನಮ್ಮಲ್ಲಿ ‘ಹಣ್ಣಾಗು’ ಇದೆ, ಹಣ್ಣೆಲೆ ಇದೆ. ಸತ್ವ ಸಿಗದೆ ಹಸಿರು ಹೋಗುವುದಕ್ಕೆ ‘ಬಿಳಿಚಿಕೊಳ್ಳು’ ಸರಿಹೋಗುತ್ತದೆ. ರಕ್ತ ಕಡಿಮೆಯಾದವರಿಗೂ ಇದನ್ನೇ ಹೇಳುತ್ತೇವೆ, ಅಲ್ಲೂ ಕಬ್ಬಿಣದ್ದೇ ಕಥೆ. ಪಠ್ಯಪುಸ್ತಕದ ‘ಪತ್ರಹರಿತ್ತು ನಾಶ’ಕ್ಕಿಂತ ಇದು ಎಷ್ಟೋ ಜೀವಂತ. ಆದರೆ ಬುಡದ ಎಲೆ ಒಂದೊಂದಾಗಿ ಪೂರಾ ಹಳದಿಯಾಗುತ್ತ ಬಂದರೆ ಅದು ಹಣ್ಣಾದದ್ದೋ ಸಾರಜನಕ ಸಿಗದೆ ಬಿಳಿಚಿದ್ದೋ? ತೊಂದರೆಯಾದ ಗಿಡ ಹಳೆಯ ಎಲೆಯಲ್ಲಿದ್ದ ಸಾರಜನಕವನ್ನು ಬಿಚ್ಚಿ ಹೊಸ ಚಿಗುರಿಗೆ ಸಾಗಿಸುತ್ತದೆ, ಆದ್ದರಿಂದ ಕೆಳಗಿನವು ಮೊದಲು ಸೋಲುತ್ತವೆ. ಒಂದೆರಡು ಎಲೆ ಉದುರಿ ಮೇಲೆ ಗಿಡ ಕಡುಹಸಿರಾಗಿ ಬೆಳೆಯುತ್ತಿದ್ದರೆ ಹಣ್ಣೆಲೆ. ಗಿಡವೆಲ್ಲ ತೆಳುಹಸಿರಾಗಿ, ಬೆಳವಣಿಗೆ ನಿಂತು, ಕೆಳಗಿನಿಂದ ಸಾಲಾಗಿ ಹೋಗುತ್ತಿದ್ದರೆ ಬಿಳಿಚಿದ್ದು.

ನಾರಿನ ಪುಡಿಯಲ್ಲಿ ಸಾರಜನಕದ್ದು ಮತ್ತೊಂದು ಬಗೆ. ಇನ್ನೂ ಕೊಳೆಯದ ಹಸಿ ಪುಡಿಯಲ್ಲಿ ಇಂಗಾಲ ಮತ್ತು ಸಾರಜನಕದ ಪ್ರಮಾಣ ನೂರಕ್ಕೊಂದರ ಆಸುಪಾಸು. ಅದನ್ನು ಕೊಳೆಸಲು ಹೊರಟ ಸೂಕ್ಷ್ಮಜೀವಿಗಳು ತಮ್ಮ ಮೈ ಬೆಳೆಸಿಕೊಳ್ಳಲು ನಾವು ಹಾಕಿದ ಸಾರಜನಕವನ್ನೇ ತೆಗೆದುಕೊಳ್ಳುತ್ತವೆ. ಇಲ್ಲಿ ಗಿಡಕ್ಕೆ ದಕ್ಕಲಿಲ್ಲ ಎನ್ನುವುದು ನಿಜ, ಬೇರೆಯವರಿಗೆ ದಕ್ಕಿತು ಎನ್ನುವುದೂ ಅಷ್ಟೇ ನಿಜ. ಪುಡಿಯನ್ನು ಮೊದಲೇ ಕೊಳೆಸಿ ಬಳಸಿದರೆ ಈ ತೊಂದರೆ ಕಡಿಮೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ‘ಅರ್ಕ’ ಹೆಸರಿನ ಹುದುಗಿಸಿದ ಕೊಕೊಪೀಟ್ ಹುಟ್ಟಿದ್ದೂ ಇಂಥ ಯೋಚನೆಯಿಂದಲೇ. ಅಣಬೆಯ ಜಾತಿಯ ಶಿಲೀಂಧ್ರ ಬೆರೆಸಿ ಪುಡಿ ಕೊಳೆಸುವ ಕ್ರಮವೂ ಇದೆ.

ಸ್ವಲ್ಪ ದಾರಿ ತಪ್ಪಿದೆ, ಪದಕ್ಕೇ ಮರಳುತ್ತೇನೆ. ಎಲೆಯ ಅಂಚು ಸುಟ್ಟಂತಾಗುವುದಕ್ಕೆ ನಮ್ಮಲ್ಲಿ ಸೀದುಹೋಗು, ಕರಟು, ಕಮರು, ಸುಡು ಎಲ್ಲವೂ ಇವೆ. ಇವನ್ನು ಮನಬಂದಂತೆ ಬಳಸುವ ಬದಲು ಹಂಚಿಕೊಂಡರೆ ಹೇಗೆ? ಪೊಟ್ಯಾಸಿಯಂ ಸಿಗದಾಗ ಹಳೆಯ ಎಲೆಯ ಅಂಚು ಸುತ್ತಲೂ ಕಂದಾಗಿ ಒಣಗುತ್ತಾ ಒಳಕ್ಕೆ ಬರುತ್ತದೆ. ಅದಕ್ಕೆ ‘ಅಂಚು ಕರಟು’. ಉಪ್ಪು ಜಾಸ್ತಿಯಾದಾಗ ಎಲೆಯ ತುದಿ ಒಮ್ಮೆಲೇ ಸುಟ್ಟಂತಾಗುತ್ತದೆ. ಅದಕ್ಕೆ ‘ತುದಿ ಸುಡು’. ಎರಡನೆಯದು ಕೊರತೆಯೇ ಅಲ್ಲ, ಅತಿಯಾದದ್ದು. ಸರಿಯಾಗಿ ತೊಳೆಯದ ಪುಡಿಯಲ್ಲಿ ಇದು ಮೊದಲ ವಾರದಲ್ಲೇ ಕಾಣುತ್ತದೆ.

ಗಿಡದ ಮೇಲ್ತುದಿಗೆ ಯಾವ ಪದ ಎಂಬುದೂ ಚಿಕ್ಕ ಪ್ರಶ್ನೆಯಲ್ಲ. ಬಾಳೆ, ಜೋಳ, ತೆಂಗಿಗೆ ಸುಳಿ. ಕುಂಬಳ, ಸೌತೆಗೆ ಕುಡಿ. ಮೆಣಸು, ಟೊಮೇಟೊಗೆ ಚಿಗುರು. ಲಕ್ಷಣ ಮೇಲೆ ಶುರುವಾಯಿತೋ ಕೆಳಗೋ ಎಂಬುದರ ಮೇಲೆಯೇ ಇಡೀ ಪತ್ತೆ ನಿಂತಿದೆ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಗಿಡದೊಳಗೆ ಹಳೆಯ ಎಲೆಯಿಂದ ಹೊಸದಕ್ಕೆ ಹೋಗಬಲ್ಲವು, ಆದ್ದರಿಂದ ಲಕ್ಷಣ ಬುಡದ ಎಲೆಯಲ್ಲಿ. ಕ್ಯಾಲ್ಸಿಯಂ, ಕಬ್ಬಿಣ, ಬೋರಾನ್ ಸೇರಿದ ಕಡೆಯಿಂದ ಸುಲಭಕ್ಕೆ ಕದಲುವುದಿಲ್ಲ, ಆದ್ದರಿಂದ ಲಕ್ಷಣ ಚಿಗುರಿನಲ್ಲಿ. ಹಳೆಯ ಚೀಟಿಯಲ್ಲಿ ‘ಚಲನಶೀಲ’, ‘ಅಚಲ’ ಎಂದು ಬರೆದಿದ್ದೆ. ದೊಡ್ಡಮ್ಮ ಓದಿ, “ಅಂದ್ರೆ ಓಡಾಡೋವು, ಕೂತಲ್ಲೇ ಕೂರೋವು ಅಂತ ತಾನೆ?” ಎಂದರು. ಈಗ ಚೀಟಿಯಲ್ಲಿ ಅದೇ ಇದೆ.

ಕೊನೆಗೆ ಆ ಪುಡಿಯ ಹೆಸರು. ನಾನು ತಿಪಟೂರು ಸೀಮೆಯವಳು. ನಮ್ಮಲ್ಲಿ ಕಾಯಿಯ ಹೊರಗಿನದು ಮಟ್ಟೆ, ಅದರಿಂದ ಬರುವುದು ನಾರು, ನಾರು ಬಿಡಿಸಿದಾಗ ಉದುರುವುದು ಪುಡಿ. ನಾರಿನ ಮಿಲ್ಲುಗಳ ಪಕ್ಕ ಈ ಪುಡಿ ಗುಡ್ಡ ಗುಡ್ಡವಾಗಿ ಬಿದ್ದಿರುವುದನ್ನು ನೋಡಿಯೇ ಬೆಳೆದೆ. ಆಗ ಅದು ಯಾರಿಗೂ ಬೇಡದ ವಸ್ತು. ಇವತ್ತು 650 ಗ್ರಾಮಿನ ಇಟ್ಟಿಗೆಯಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬಂದಿದೆ. ಬಕೆಟ್ಟಿನಲ್ಲಿಟ್ಟು ನೀರು ಹೊಯ್ದರೆ ಮೊದಲು ಅಂಚುಗಳು ಬಿರಿದು, ಪದರ ಪದರವಾಗಿ ಉಬ್ಬಿ, ಕಾಲು ಗಂಟೆಯಲ್ಲಿ ಬಕೆಟ್ಟಿನ ಮುಕ್ಕಾಲಿಗೆ ಬರುತ್ತದೆ. ಹಿಂಡಿದರೆ ಕಾಫಿ ಡಿಕಾಕ್ಷನ್ ಬಣ್ಣದ ನೀರು. ಇದನ್ನು ಕೆಲವರು ‘ತೆಂಗಿನ ನಾರು’ ಎಂದು ಅನುವಾದಿಸುತ್ತಾರೆ. ನಾರು ಎಂದರೆ ಹಗ್ಗ ಹೊಸೆಯುವುದು, ಅದರಲ್ಲಿ ಗಿಡ ನೆಡುವುದು ಹೇಗೆ ಎಂದು ಓದುಗರು ಕೇಳಿದರೆ ತಪ್ಪಿಲ್ಲ. ‘ಕೋಕೋ’ ಎಂದಷ್ಟೇ ಬರೆದರೆ ಪುತ್ತೂರು, ಸುಳ್ಯದವರಿಗೆ ಅದು ಚಾಕೊಲೇಟಿನ ಕೋಕೋ. ‘ಪೀಟ್’ ಎನ್ನುವುದು ಮೂಲದಲ್ಲಿ ಶೀತದೇಶಗಳ ಜೌಗಿನಲ್ಲಿ ಪಾಚಿ ಕೂಡಿ ಆದ ಪದಾರ್ಥ, ತೆಂಗಿಗೂ ಅದಕ್ಕೂ ನಂಟಿಲ್ಲ. ಆದರೆ ಅಂಗಡಿಯಲ್ಲಿ ಕೊಕೊಪೀಟ್ ಎಂದೇ ಕೇಳಬೇಕು.

ನೆರೆಯವರನ್ನು ನೋಡಿ. ಮಲಯಾಳಿಗಳು ಇದಕ್ಕೆ ಚಕಿರಿಚ್ಚೋರ್ ಎನ್ನುತ್ತಾರೆ. ಚಕಿರಿ ಎಂದರೆ ತೆಂಗಿನ ನಾರು, ಚೋರ್ ಎಂದರೆ ಅನ್ನ. ತಲೆಯೊಳಗಿನ ಮಿದುಳಿಗೂ ಅವರಲ್ಲಿ ತಲಚ್ಚೋರ್. ಒಳಗಿನ ಮೆತ್ತನೆಯ ತಿರುಳೆಲ್ಲ ಅವರಿಗೆ ಚೋರ್. ತಮಿಳರು ನಾರ್ಕ್ಕಳಿವು, ನಾರಿನ ಕಸ, ಎನ್ನುತ್ತಾರೆ. ನಮ್ಮದು ಪುಡಿ. ಕನ್ನಡದಲ್ಲಿ ‘ಬೆಂಡು’ ಎಂಬ ಪದವಿದೆ, ಹಗುರವಾಗಿ ನೀರು ಹೀರುವ ತಿರುಳು. ‘ನಾರುಬೆಂಡು’ ಎಂದರೆ ವಸ್ತುವಿನ ಗುಣವೇ ಹೆಸರಿಗೆ ಬರುತ್ತದೆ ಅನ್ನಿಸುತ್ತದೆ. ಚೀಟಿಯಲ್ಲಿ ಸದ್ಯಕ್ಕೆ ‘ನಾರಿನ ಪುಡಿ, ಅಂದರೆ ಕೊಕೊಪೀಟ್’ ಎಂದು ಇಟ್ಟಿದ್ದೇನೆ. ಕರಾವಳಿಯವರು, ಘಟ್ಟದ ಮೇಲಿನವರು ಇದಕ್ಕೆ ಏನನ್ನುತ್ತೀರಿ ಎಂದು ಒಂದು ಸಾಲು ಬರೆದರೆ ಉಪಕಾರ.

ಪುಡಿಯನ್ನು ಗಿಡ ನೆಡುವ ಮೊದಲು ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ನೆನೆಹಾಕಿ, ಅದರಲ್ಲಿ ಕೂತಿದ್ದ ಪೊಟ್ಯಾಸಿಯಂ, ಸೋಡಿಯಂ ಬಿಟ್ಟುಕೊಂಡ ಮೇಲೆ ಒಳ್ಳೆಯ ನೀರಿನಲ್ಲಿ ತೊಳೆಯುತ್ತಾರೆ. ಈ ಕೆಲಸಕ್ಕೆ ‘ಪಳಗಿಸು’ ಎಂದಿದ್ದೇನೆ. ಹೊಸ ದೋಸೆ ಕಾವಲಿಯನ್ನು ಪಳಗಿಸುವುದಿಲ್ಲವೇ, ಹಾಗೆ. ಕುಂಡದ ಅಡಿಯ ತೂತಿನಿಂದ ಹೊರಬರುವ ನೀರಿಗೆ ‘ಬಸಿನೀರು’. ಅನ್ನ ಬಸಿಯುವ ಮನೆಯಲ್ಲಿ ಇದನ್ನು ವಿವರಿಸಬೇಕಿಲ್ಲ. ಇವೆರಡರ ಬಗ್ಗೆ ನನಗೆ ಧೈರ್ಯವಿದೆ.

‘ಪತ್ತೆ’ ಎಂಬ ಪದದ ಬಗ್ಗೆ ಮಾತ್ರ ಆ ಧೈರ್ಯ ಇಲ್ಲ. ‘ರೋಗನಿರ್ಣಯ’ ಎಂದರೆ ಇದು ರೋಗ ಎಂದಾಗುತ್ತದೆ. ಆಯುರ್ವೇದದ ‘ನಿದಾನ’ ಅರ್ಥಕ್ಕೆ ಸರಿಯಾಗಿದೆ, ಆದರೆ ಓದುವವರ ಕಣ್ಣಿಗೆ ಅದು ‘ನಿಧಾನ’ವಾಗಿ ಕಾಣುತ್ತದೆ. ‘ಎಲೆ ಓದುವುದು’ ಎನ್ನೋಣವೇ?

ಹೊಸ ಚೀಟಿಯ ಮುಖ್ಯ ಭಾಗ ಹೀಗಿದೆ. ತಿದ್ದಿಕೊಡಿ:

“ಎಲೆ ಬಿಳಿಚಿದ ಕೂಡಲೇ ಗೊಬ್ಬರ ಹಾಕಬೇಡಿ. ಮೊದಲು, ಬಿಳಿಚಿದ್ದು ಚಿಗುರೋ ಬುಡದ ಎಲೆಯೋ ನೋಡಿ. ಎಲೆಯನ್ನು ಬೆಳಕಿಗೆ ಹಿಡಿದು ನರದ ಬಣ್ಣ ನೋಡಿ. ಆಮೇಲೆ ಬಸಿನೀರು ಹಿಡಿದು ರಸಸಾರ ಮತ್ತು ಉಪ್ಪಿನ (ಕರಗಿದ ಗೊಬ್ಬರ, ಲವಣಗಳ) ಮಟ್ಟ ಅಳೆಯಿರಿ. ಕೊಳವೆಬಾವಿಯ ಗಡಸು ನೀರು ರಸಸಾರವನ್ನು ದಿನೇ ದಿನೇ ಏರಿಸುತ್ತದೆ. ನೀವು ಹಾಕಿದ ನೀರಿಗಿಂತ ಬಸಿನೀರಿನಲ್ಲಿ ಉಪ್ಪು ಬಹಳ ಹೆಚ್ಚಿದ್ದರೆ ಸತ್ವ ಕುಂಡದಲ್ಲಿದೆ, ಗಿಡಕ್ಕೆ ದಕ್ಕಿಲ್ಲ. ಆಗ ಒಳ್ಳೆಯ ನೀರು ಹಾಯಿಸಿ ತೊಳೆಯಿರಿ. ಬಸಿನೀರಿನಲ್ಲಿ ಉಪ್ಪು ತೀರಾ ಕಡಿಮೆಯಿದ್ದರೆ ಮಾತ್ರ ಅದು ಕೊರತೆ, ಆಗ ಗೊಬ್ಬರ ಕೊಡಿ. ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಎರಡನ್ನೂ ಒಂದೇ ಡಬ್ಬಿಯಲ್ಲಿ ಗಟ್ಟಿಯಾಗಿ ಕಲಸಬೇಡಿ, ತಳದಲ್ಲಿ ಜಿಪ್ಸಂ ಆಗಿ ಕೂರುತ್ತದೆ, ಯಾವ ಗಿಡಕ್ಕೂ ದಕ್ಕುವುದಿಲ್ಲ. ತಿನ್ನುವ ಸುಣ್ಣ ಬೇಡವೇ ಬೇಡ.”

ದೊಡ್ಡಮ್ಮನ ಮೆಣಸಿನ ಗಿಡಗಳಲ್ಲಿ ಎರಡು ಹೋದವು. ಉಳಿದವನ್ನು ಮಳೆನೀರು ಹಾಯಿಸಿ ಮೂರು ಸಲ ತೊಳೆದು, ಕಬ್ಬಿಣದ ಕೀಲೇಟನ್ನು, ಅಂದರೆ ಕಬ್ಬಿಣ ಕರಗಿದಂತೆಯೇ ಉಳಿಯುವ ಹಾಗೆ ಮಾಡಿದ ಗೊಬ್ಬರವನ್ನು, ಎಲೆಗೆ ಸಿಂಪಡಿಸಿದೆವು. ಹಳೆಯ ಹಳದಿ ಎಲೆಗಳು ಪೂರ್ತಿ ಹಸಿರಾಗಲಿಲ್ಲ, ಹೊಸದಾಗಿ ಬಂದವು ಹಸಿರಾಗಿಯೇ ಬಂದವು. ಮೊನ್ನೆ ಫೋನಿನಲ್ಲಿ ಅವರೇ ಅಂದರು: “ನಾಲ್ಕು ಗಿಡ ದಕ್ಕಿದ್ವು ಕಣಮ್ಮ.”

ಅವರು ಆ ಪದವನ್ನು ನನ್ನ ಚೀಟಿಯಿಂದ ಎತ್ತಿಕೊಂಡದ್ದಲ್ಲ, ಹೊಸ ಚೀಟಿ ಇನ್ನೂ ಅವರ ಕೈ ಸೇರಿಲ್ಲ. ನಿಮ್ಮ ನಿಮ್ಮ ಕಡೆಯ ಬಳಕೆ ತಿಳಿಸಿ. ಇದೇ ತಿಂಗಳ ಕೊನೆಗೆ ಅಚ್ಚಿಗೆ ಕೊಡಬೇಕು.